ಬೇವೋ, ಸಾಬೂನೋ, ಬಲೆಯೋ? ಕೈತೋಟದ ಹುಳಕ್ಕೆ ಸರಿಯಾದ ಮದ್ದು ಆರಿಸುವ ಬಗೆ

ಗಿಡಕ್ಕೆ ಹುಳ ಬಿದ್ದಿದೆ ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಬೇವಿನ ಎಣ್ಣೆ ಹೊಡೆಯಿರಿ. ದಾಸವಾಳದ ಮೇಲಿನ ಬಿಳಿ ಹಿಟ್ಟಿಗೂ ಅದೇ, ಬದನೆಕಾಯಿಯ ತೂತಿಗೂ ಅದೇ, ಕೊಳೆತು ಉದುರುವ ಹೀರೆಕಾಯಿಗೂ ಅದೇ. ವಾರಗಟ್ಟಲೆ ಹೊಡೆದು, ಏನೂ ಆಗದೆ, ಕೊನೆಗೆ ಬೇಸತ್ತು ಅಂಗಡಿಯಿಂದ ರಾಸಾಯನಿಕ ವಿಷ ತಂದವರು ಎಷ್ಟೋ ಜನ. ಬೇವು ಒಳ್ಳೆಯ ಮದ್ದೇ. ಆದರೆ ಈ ಮೂರು ಕಾಟಗಳಲ್ಲಿ ಅದು ನಿಜವಾಗಿ ಕೆಲಸ ಮಾಡುವುದು ಮೊದಲನೆಯದಕ್ಕೆ ಮಾತ್ರ.

ನಾನು ಮದ್ದು ಆರಿಸುವುದು ಹೀಗೆ. ಮೊದಲು ಹುಳ ಗಿಡವನ್ನು ಹೇಗೆ ತಿನ್ನುತ್ತಿದೆ ಅಂತ ನೋಡುತ್ತೇನೆ. ಆಮೇಲೆ ಆ ವಾರದ ಹವೆ ನೋಡುತ್ತೇನೆ. ಯಾವ ಬಾಟಲಿ, ಯಾವ ಪುಡಿ ಅನ್ನುವುದು ಕೊನೆಯ ಪ್ರಶ್ನೆ. ಕೈತೋಟದಲ್ಲಿ, ತಾರಸಿಯ ಕುಂಡಗಳಲ್ಲಿ ತರಕಾರಿ, ಹೂವು, ಒಂದೆರಡು ಹಣ್ಣಿನ ಗಿಡ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಎಕರೆಗಟ್ಟಲೆ ಬೆಳೆಯುವವರ ಲೆಕ್ಕ ಬೇರೆ.

ಹುಳ ಹೇಗೆ ತಿನ್ನುತ್ತದೆ?

ಒಂದು ಗುಂಪು ರಸ ಹೀರುವುದು. ಸಸ್ಯಹೇನು, ಹಿಟ್ಟು ತಿಗಣೆ, ಬಿಳಿ ನೊಣ, ಜಿಗಿಹುಳ, ಥ್ರಿಪ್ಸ್ ನುಸಿ ಎಲ್ಲ ಇದರಲ್ಲೇ. ಎಲೆಯಲ್ಲಿ ತೂತು ಇರುವುದಿಲ್ಲ. ಎಲೆ ಮುದುರುತ್ತದೆ, ಹಳದಿಯಾಗುತ್ತದೆ, ಮುಟ್ಟಿದರೆ ಅಂಟಂಟು. ಆ ಅಂಟಿನ ಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎರಡನೆಯದು ಎಲೆ ಕಡಿಯುವ ಗುಂಪು: ಹಸಿರು ಹುಳ, ಕಂಬಳಿಹುಳ, ದುಂಬಿಗಳು. ತೂತು, ಹರಿದ ಅಂಚು, ಕೆಳಗೆ ಕಪ್ಪು ಹಿಕ್ಕೆ ಕಾಣುತ್ತದೆ. ಮೂರನೆಯದು ಒಳಗೆ ಸೇರಿಕೊಳ್ಳುವ ಗುಂಪು: ಬದನೆಯ ಕಾಯಿ ಕೊರಕ, ಟೊಮೇಟೊ ಕಾಯಿ ಕೊರಕ, ಎಲೆಯ ಪದರದ ನಡುವೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳ. ನಾಲ್ಕನೆಯದು ಹಣ್ಣು ನೊಣ. ಅದು ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ.

ಮೆಣಸಿನ ಗಿಡದಲ್ಲಿ ಇನ್ನೊಂದು ಗಮನಿಸಬೇಕು. ಎಲೆಯ ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್. ಕೆಳಕ್ಕೆ ಮುದುರಿದ್ದರೆ ಮೈಟ್ ನುಸಿ. ಎರಡನ್ನೂ ಜನ ಮುಟುರು ರೋಗ ಅಂತಲೇ ಕರೆಯುತ್ತಾರೆ. ಮೈಟ್‌ಗೆ ಎಂಟು ಕಾಲು, ಅದು ಕೀಟವೇ ಅಲ್ಲ. ಹಾಗಾಗಿ ಕೀಟಕ್ಕೆ ಅಂತ ತಂದ ಎಷ್ಟೋ ಮದ್ದು ಅದಕ್ಕೆ ತಾಗುವುದಿಲ್ಲ. ಅದಕ್ಕೆ ನೀರಲ್ಲಿ ಕರಗುವ ಗಂಧಕದ ಪುಡಿ ಹಳೆಯ, ನಂಬಿಕಸ್ತ ಮದ್ದು. ಕಡು ಬೇಸಿಗೆಯಲ್ಲಿ ಮಾತ್ರ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದ ಒಂದೆರಡು ವಾರದೊಳಗೂ ಬೇಡ.

ಅಗ್ಗದ ಭೂತಗನ್ನಡಿ ಒಂದು ಇಟ್ಟುಕೊಳ್ಳಿ. ಎಲೆ ತಿರುವಿ ಅಡಿಭಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ. ರಸ ಹೀರುವ ಹುಳಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ.

ನೀರು, ಕೈ, ಕತ್ತರಿ

ಇಪ್ಪತ್ತು ಮೂವತ್ತು ಕುಂಡ ಇರುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅವರೆ, ಅಲಸಂದೆ ಕುಡಿಯಲ್ಲಿ ಕಪ್ಪಗೆ ಮುತ್ತಿದ ಹೇನನ್ನು ಪೈಪಿನ ನೀರಿಂದ ಜೋರಾಗಿ ತೊಳೆದರೆ ಅರ್ಧಕ್ಕರ್ಧ ಉದುರಿಹೋಗುತ್ತದೆ. ರಸ ಹೀರುವ ಸೂಜಿಯಂಥ ಬಾಯಿ ಮುರಿದರೆ ಅವು ಮತ್ತೆ ತಿನ್ನಲಾರವು. ಬೆಳಗ್ಗೆ ತೊಳೆಯಿರಿ, ಸಂಜೆಯೊಳಗೆ ಎಲೆ ಒಣಗಲಿ. ಹೇನು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತದೆ. ಆ ಮರಿ ಸುಮಾರು ಒಂದು ವಾರದಲ್ಲಿ ತಾನೂ ಮರಿ ಹಾಕಲು ಶುರು ಮಾಡುತ್ತದೆ. ಹಾಗಾಗಿ ಒಂದು ದಿನ ತೊಳೆದು ಹದಿನೈದು ದಿನ ಬಿಟ್ಟರೆ ಪ್ರಯೋಜನವಿಲ್ಲ. ಮೂರು ದಿನಕ್ಕೊಮ್ಮೆ, ಮೂರು ನಾಲ್ಕು ಸಲ ಮಾಡಬೇಕು.

ಕರಿಬೇವು, ನಿಂಬೆ ಗಿಡದ ಮೇಲೆ ಮೊದಲು ಹಕ್ಕಿ ಹಿಕ್ಕೆಯಂತೆ ಕಂಡು ಆಮೇಲೆ ಹಸಿರಾಗುವ ಹುಳಕ್ಕೆ ಯಾವ ಮದ್ದೂ ಬೇಡ. ಅದು ನಿಂಬೆ ಚಿಟ್ಟೆಯ ಮರಿ. ಕೈಯಿಂದ ಎತ್ತಿ ಹಾಕಿ. ಗಿಡ ದೊಡ್ಡದಿದ್ದರೆ ಒಂದು ಕೊಂಬೆ ಅದಕ್ಕೇ ಬಿಟ್ಟುಕೊಡಿ ಅಂತ ನಾನು ಹೇಳುತ್ತೇನೆ.

ರಂಗೋಲಿ ಹುಳ ಬಿದ್ದ ಎಲೆ ನಾಲ್ಕಾರಿದ್ದರೆ ಕಿತ್ತು ಹಾಕಿದರೆ ಸಾಕು. ಎಲೆಯ ಪದರದೊಳಗೆ ಸಾಬೂನು ಹೋಗುವುದಿಲ್ಲ.

ಸಾಬೂನು ನೀರೋ, ಬೇವಿನ ಎಣ್ಣೆಯೋ?

ರಸ ಹೀರುವ ಹುಳಕ್ಕೆ ನೀರು ಸಾಲದೇ ಹೋದಾಗ ಬರುವ ಪ್ರಶ್ನೆ ಇದು. ಎರಡೂ ಕೆಲಸ ಮಾಡುವ ರೀತಿ ಪೂರ್ತಿ ಬೇರೆ.

ಸಾಬೂನು ನೀರು ಹುಳದ ಮೈಗೆ ತಾಗಿದಾಗ ಮಾತ್ರ ಕೊಲ್ಲುತ್ತದೆ. ಮೆತ್ತನೆ ಮೈಯ ಹೊರಪದರವನ್ನು ಹಾಳು ಮಾಡಿ ಒಣಗಿಸುತ್ತದೆ. ಅದು ಒದ್ದೆ ಇರುವಷ್ಟು ಹೊತ್ತು ಮಾತ್ರ ಮದ್ದು. ಒಣಗಿದ ಮೇಲೆ ಎಲೆಗೆ ಬಂದು ಕೂತ ಹುಳಕ್ಕೆ ಏನೂ ಆಗುವುದಿಲ್ಲ. ಇದು ಅದರ ಕೊರತೆ, ಅದರ ಒಳ್ಳೆಯ ಗುಣವೂ ಇದೇ: ನಾಳೆ ಬರುವ ಜೇನಿಗೆ ತೊಂದರೆ ಇಲ್ಲ, ತೊಳೆದು ಇವತ್ತೇ ಸೊಪ್ಪು ಕೊಯ್ಯಬಹುದು.

ಬೇವು ನಿಧಾನ. ಅದರಲ್ಲಿರುವ ಅಜಾಡಿರಕ್ಟಿನ್ ಹುಳದ ಹಸಿವು ಕೆಡಿಸುತ್ತದೆ, ಪೊರೆ ಬಿಡುವ ಕೆಲಸಕ್ಕೆ ಅಡ್ಡಿ ಮಾಡುತ್ತದೆ, ಮೊಟ್ಟೆ ಇಡುವುದನ್ನು ತಗ್ಗಿಸುತ್ತದೆ. ಇವತ್ತು ಹೊಡೆದು ನಾಳೆ ನೋಡಿದರೆ ಹುಳ ಅಲ್ಲೇ ಇರುತ್ತದೆ. 'ಏನೂ ಕೆಲಸ ಮಾಡಲಿಲ್ಲ' ಅಂತ ಬಾಟಲಿ ಬಿಸಾಡುವುದು ಈ ಹಂತದಲ್ಲೇ. ಒಂದು ವಾರ ಕಾಯಬೇಕು. ಮರಿಗಳು ದೊಡ್ಡವಾಗದೆ ಸಾಯುತ್ತವೆ. ಹಾಗಾಗಿ ಹುಳ ಕಡಿಮೆ ಇರುವಾಗ ಬೇವು, ಗಿಡದ ತುಂಬ ಮುತ್ತಿದಾಗ ಮೊದಲು ಸಾಬೂನು, ನಾಲ್ಕೈದು ದಿನ ಬಿಟ್ಟು ಬೇವು. ನಾನು ಈ ಕ್ರಮವನ್ನೇ ಬಲವಾಗಿ ಹೇಳುತ್ತೇನೆ.

ಸಾಬೂನಿನ ವಿಷಯದಲ್ಲಿ ಒಂದು ಮುಖ್ಯ ಮಾತು, ನೀರಿನದು. ಬೆಂಗಳೂರು, ಕೋಲಾರ, ತುಮಕೂರು ಕಡೆ ಕೊಳವೆಬಾವಿ ನೀರು ಗಡಸು. ಬಕೆಟ್ಟಿನಲ್ಲಿ ಬಿಳಿ ಕಲೆ ಕಟ್ಟುವ ನೀರದು. ಅದರಲ್ಲಿ ಕರಗಿರುವ ಸುಣ್ಣದಂಶ ಸಾಬೂನಿನ ಜೊತೆ ಸೇರಿ ಕೆನೆಗಟ್ಟಿ ತೇಲುತ್ತದೆ. ಮದ್ದು ಆ ಕೆನೆಯಲ್ಲೇ ಹೋಯಿತು, ಉಳಿದದ್ದು ಬರೀ ನೀರು. ಅಂಥ ಕಡೆ ಮಳೆ ನೀರು ಹಿಡಿದಿಟ್ಟು ಬಳಸಿ. ಇಲ್ಲದಿದ್ದರೆ ಅಡುಗೆಮನೆಯ ಆರ್‌ಒ ಫಿಲ್ಟರ್ ನೀರು ಒಂದು ಲೀಟರ್ ಸಾಕು, ಸಣ್ಣ ತೋಟಕ್ಕೆ ಅದು ದೊಡ್ಡ ಖರ್ಚಲ್ಲ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಅದರ ಖಾರಕ್ಕೆ ಎಲೆ ಸುಡುತ್ತದೆ. ತೋಟಕ್ಕೆಂದೇ ಮಾರುವ ಪೊಟ್ಯಾಶ್ ಸಾಬೂನು ಎಲ್ಲಕ್ಕಿಂತ ಒಳ್ಳೆಯದು. ಪಾತ್ರೆ ತೊಳೆಯುವ ದ್ರವ ಬಳಸಲೇಬೇಕಾದರೆ ಲೀಟರಿಗೆ ಅರ್ಧ ಚಮಚ ದಾಟಬೇಡಿ. ಮೊದಲು ಎರಡು ಮೂರು ಎಲೆಗೆ ಹೊಡೆದು, ಒಂದು ದಿನ ನೋಡಿ, ಆಮೇಲೆ ಗಿಡಕ್ಕೆ.

ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಅಂದರೆ ಒಂದು ಚಮಚ. ಎಣ್ಣೆಯನ್ನು ನೇರವಾಗಿ ನೀರಿಗೆ ಸುರಿದರೆ ಮೇಲೆ ತೇಲುತ್ತದೆ. ಒಂದು ಎಲೆಗೆ ಬರೀ ನೀರು, ಇನ್ನೊಂದು ಎಲೆಗೆ ಬರೀ ಎಣ್ಣೆ ಬೀಳುತ್ತದೆ. ಸ್ವಲ್ಪ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಸಾಬೂನು ದ್ರವ ಹಾಕಿ ಕಲಕಿ, ಅದಕ್ಕೆ ಎಣ್ಣೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಹಾಲಿನ ಬಣ್ಣಕ್ಕೆ ಬಂದ ಮೇಲೆ ಉಳಿದ ನೀರು ಸೇರಿಸಿ. ಕಲಸಿದ್ದನ್ನು ಅವತ್ತೇ ಮುಗಿಸಿ. ಬಿಸಿಲಿಗೆ ಅಜಾಡಿರಕ್ಟಿನ್ ಬೇಗ ಹಾಳಾಗುತ್ತದೆ, ನೆತ್ತಿಯ ಬಿಸಿಲಲ್ಲಿ ಎಣ್ಣೆ ಬಿದ್ದ ಎಲೆಯೂ ಸುಡುತ್ತದೆ. ಸೂರ್ಯ ಮುಳುಗುವ ಹೊತ್ತೇ ಸರಿ, ಜೇನು ಗೂಡಿಗೆ ಹೋಗಿರುತ್ತದೆ. ಬೇವು ಹೊಡೆದ ಸೊಪ್ಪನ್ನು ನಾಲ್ಕೈದು ದಿನ ಬಿಟ್ಟೇ ಕೊಯ್ಯಿರಿ, ಇಲ್ಲದಿದ್ದರೆ ಸಾರು ಕಹಿ.

ಬೇವಿನಲ್ಲೇ ಎಷ್ಟೊಂದು ಬಗೆ

ಅಂಗಡಿಯಲ್ಲಿ ನಿಂತರೆ ತಲೆ ಕೆಡುತ್ತದೆ, ಅಲ್ವಾ? ಗಾಣದ ಎಣ್ಣೆ, 300 ಪಿಪಿಎಂ, 1500 ಪಿಪಿಎಂ, 10000 ಪಿಪಿಎಂ ಅಂತ ಬಾಟಲಿಗಳ ಸಾಲು. ಪಿಪಿಎಂ ಅಂದರೆ ಅದರಲ್ಲಿರುವ ಅಜಾಡಿರಕ್ಟಿನ್ ಪ್ರಮಾಣ. 10000 ಪಿಪಿಎಂ ಎಂದರೆ ಶೇ 1. ಅಂಕಿ ದೊಡ್ಡದಾದಷ್ಟೂ ಲೀಟರಿಗೆ ಹಾಕುವ ಅಳತೆ ಕಡಿಮೆ. 1500ರದ್ದು 3ರಿಂದ 5 ಮಿಲಿ ಹಾಕುವ ಕಡೆ 10000ದ್ದು 1ರಿಂದ 2 ಮಿಲಿ ಸಾಕು. ಬಾಟಲಿಯ ಬೆಲೆ ನೋಡಿ ಹೋಲಿಸಬೇಡಿ, ಒಂದು ಲೀಟರ್ ಸಿಂಪಡಣೆಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ. ಅಂಗಡಿಯ ಈ ಬಾಟಲಿಗಳಲ್ಲಿ ನೀರಿಗೆ ಬೆರೆಯುವ ವಸ್ತು ಮೊದಲೇ ಇರುತ್ತದೆ, ಬೇರೆ ಸಾಬೂನು ಬೇಕಿಲ್ಲ. ಹಿಟ್ಟು ತಿಗಣೆಗೆ ಮಾತ್ರ ನಾನು ಗಾಣದ ಎಣ್ಣೆಯನ್ನೇ ಆರಿಸುತ್ತೇನೆ. ಅದರ ಮೈಮೇಲಿನ ಮೇಣದ ಪುಡಿಯನ್ನು ದಾಟಲು ಎಣ್ಣೆಯ ಜಿಡ್ಡೇ ಬೇಕು.

ಬಯಲುಸೀಮೆಯವರಿಗೆ, ಕಲಬುರಗಿ, ರಾಯಚೂರು, ವಿಜಯಪುರ ಕಡೆಯವರಿಗೆ, ಎಣ್ಣೆ ಕೊಳ್ಳುವ ಅಗತ್ಯವೇ ಇಲ್ಲ. ಬೇವಿನ ಹಣ್ಣು ಉದುರುವ ಕಾಲದಲ್ಲಿ ಆರಿಸಿ, ತಿರುಳು ತೆಗೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಸಿಪ್ಪೆ ಬಿಡಿಸಿದ 50 ಗ್ರಾಂ ಬೀಜವನ್ನು ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ನೀರಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಹಿಂಡಿ ಹಿಂಡಿ ತೆಗೆದು ಒಟ್ಟು ಒಂದು ಲೀಟರ್ ಮಾಡಿಕೊಂಡು ಸೋಸಿ, ಚೂರು ಸಾಬೂನು ಬೆರೆಸಿ. ಕೃಷಿ ವಿಶ್ವವಿದ್ಯಾಲಯಗಳು ಶೇ 5ರ ಬೇವಿನ ಬೀಜದ ಕಷಾಯ ಅಂತ ಶಿಫಾರಸು ಮಾಡುವುದು ಇದನ್ನೇ. ವರ್ಷ ದಾಟಿದ ಬೀಜದಲ್ಲಿ ಸತ್ವ ಕಡಿಮೆ. ಸುಮ್ನೆ ಎಲೆ ಅರೆದು ಹೊಡೆಯುವವರಿಗೆ ಒಂದು ಮಾತು: ಅಜಾಡಿರಕ್ಟಿನ್ ಜಾಸ್ತಿ ಇರುವುದು ಬೀಜದಲ್ಲಿ. ಎಲೆಯಲ್ಲಿ ಬಹಳ ಕಡಿಮೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಕೂಡ ಇವೆ. ಎಣ್ಣೆ ಮತ್ತು ಸಾಬೂನು ಎರಡೂ ಒಂದರಲ್ಲೇ. ಬಾರ್ ತುರಿದು ಕರಗಿಸಿ ಹೊಡೆಯುವುದು. ಕಲಸುವ ಗೊಂದಲ ಬೇಡ ಅನ್ನುವವರಿಗೆ, ಹೊಸದಾಗಿ ಶುರು ಮಾಡುವವರಿಗೆ ನನ್ನ ಮೊದಲ ಆಯ್ಕೆ ಇದು. ಹೂಕೋಸು, ಎಲೆಕೋಸಿಗೆ ಚೆನ್ನಾಗಿ ಹೊಂದುತ್ತದೆ.

ಎಲೆ ಕಡಿಯುವ ಹುಳಕ್ಕೆ ಬಿಟಿ

ಕೋಸಿನ ಎಲೆ ಜರಡಿ ಮಾಡುವ ಹಸಿರು ಹುಳ, ಟೊಮೇಟೊ ಕಾಯಿಗೆ ಇನ್ನೂ ಹೊಕ್ಕದ ಮರಿಹುಳ ಇವಕ್ಕೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಪುಡಿ ಇದೆ, ಚಿಕ್ಕದಾಗಿ ಬಿಟಿ. ಇದು ಮಣ್ಣಲ್ಲಿರುವ ಒಂದು ಬ್ಯಾಕ್ಟೀರಿಯಾ. ಹುಳ ಎಲೆಯ ಜೊತೆ ಇದನ್ನು ತಿನ್ನಬೇಕು. ತಿಂದ ಕೆಲವೇ ಗಂಟೆಯಲ್ಲಿ ಮೇಯುವುದು ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ಸಾಯುತ್ತದೆ. ಹೇನು, ತಿಗಣೆ, ಬಿಳಿ ನೊಣ ಎಲೆ ಕಡಿಯುವುದಿಲ್ಲ, ರಸ ಹೀರುತ್ತವೆ. ಹಾಗಾಗಿ ಅವುಗಳಿಗೆ ಬಿಟಿಯಿಂದ ಏನೂ ಆಗುವುದಿಲ್ಲ. ಮರಿಹುಳ ಸಣ್ಣದಿದ್ದಾಗ ಹೊಡೆದರೆ ಫಲ ಚೆನ್ನಾಗಿದೆ. ಬೆರಳುದ್ದ ಬೆಳೆದ ಮೇಲೆ ಕೈಯಿಂದ ಹಿಡಿಯುವುದೇ ವಾಸಿ. ಜೇನಿಗೆ, ಹೇನು ತಿನ್ನುವ ಗುಲಗಂಜಿ ಹುಳಕ್ಕೆ ಇದರಿಂದ ಹಾನಿ ಇಲ್ಲ. ಈ ಕಾರಣಕ್ಕೆ ಮರಿಹುಳ ಎಲೆ ಕಡಿಯುತ್ತಿರುವ ಗಿಡದ ಮಟ್ಟಿಗೆ ಬೇವಿಗಿಂತ ಬಿಟಿಯನ್ನೇ ನಾನು ಮೇಲಿಡುತ್ತೇನೆ.

ಆದರೆ ಒಂದು ಕಡೆ ಮಾತ್ರ ಬಿಟಿ ಬೇಡ. ಬಿಟಿಯನ್ನು ಮೊದಲು ಗುರುತಿಸಿದ್ದು 1901ರಲ್ಲಿ, ಜಪಾನಿನಲ್ಲಿ, ಸಾಯುತ್ತಿದ್ದ ರೇಷ್ಮೆ ಹುಳದಿಂದ. ನಮ್ಮಲ್ಲಿ ರಾಮನಗರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಕಡೆ ಮನೆ ಹಿತ್ತಿಲಿಗೇ ಹಿಪ್ಪುನೇರಳೆ ತೋಟ ತಾಗಿಕೊಂಡಿರುತ್ತದೆ. ನೀವು ಕೋಸಿಗೆ ಹೊಡೆದ ಬಿಟಿ ಗಾಳಿಯಲ್ಲಿ ಹೋಗಿ ಪಕ್ಕದವರ ಸೊಪ್ಪಿನ ಮೇಲೆ ಕೂತರೆ ಅವರ ಒಂದು ಬೆಳೆಯೇ ಹೋದೀತು. ಬೇವೂ ಅಷ್ಟೆ, ಬೇವು ಬಿದ್ದ ಸೊಪ್ಪನ್ನು ರೇಷ್ಮೆ ಹುಳ ತಿನ್ನಬಾರದು. ಆ ಊರುಗಳಲ್ಲಿ ಇರುವವರು ಕೈ, ನೀರು, ಬಲೆ, ಪರದೆಗಳನ್ನೇ ನೆಚ್ಚಿಕೊಳ್ಳಿ.

ಶಿಲೀಂಧ್ರದ ಪುಡಿಗಳು ಮಳೆಗಾಲಕ್ಕೆ

ಬ್ಯೂವೇರಿಯಾ, ವರ್ಟಿಸಿಲಿಯಂ, ಮೆಟಾರೈಜಿಯಂ. ಇವು ಹುಳದ ಮೈಮೇಲೆ ಮೊಳೆತು ಒಳಹೊಕ್ಕು ಕೊಲ್ಲುವ ಬೂಷ್ಟುಗಳು. ತಿನ್ನಲೇಬೇಕು ಅಂತಿಲ್ಲ, ತಾಗಿದರೆ ಸಾಕು. ರಸ ಹೀರುವವಕ್ಕೆ ವರ್ಟಿಸಿಲಿಯಂ, ಹುಳ ಮತ್ತು ದುಂಬಿಗಳಿಗೆ ಬ್ಯೂವೇರಿಯಾ, ಗೊಬ್ಬರದ ಗುಂಡಿಯ ಗೊಣ್ಣೆಹುಳಕ್ಕೆ ಮೆಟಾರೈಜಿಯಂ. ಪುಡಿ ಆದರೆ ಸಾಮಾನ್ಯವಾಗಿ ಲೀಟರಿಗೆ 5 ಗ್ರಾಂ.

ಬೂಷ್ಟು ಮೊಳೆಯಲು ತೇವ ಬೇಕು. ಏಪ್ರಿಲ್‌ನ ಒಣ ಬಿಸಿಲಲ್ಲಿ ಬಳ್ಳಾರಿಯ ತಾರಸಿಯ ಮೇಲೆ ಇದನ್ನು ಹೊಡೆದರೆ ದುಡ್ಡು ದಂಡ. ಅದೇ ಜುಲೈನಲ್ಲಿ ಶಿರಸಿ, ತೀರ್ಥಹಳ್ಳಿ, ಮಡಿಕೇರಿಯಲ್ಲಿ ಬೇವಿನ ಎಣ್ಣೆ ಮಳೆಗೆ ತೊಳೆದುಹೋಗುತ್ತದೆ, ಶಿಲೀಂಧ್ರಕ್ಕೆ ಅದೇ ಹಬ್ಬ. ಮಳೆ ಬಿಡುವು ಕೊಟ್ಟ ಸಂಜೆ ನೋಡಿ ಹೊಡೆಯಿರಿ. ಗಿಡದ ರೋಗಕ್ಕೆ ಅಂತ ಬೋರ್ಡೋ ದ್ರಾವಣವನ್ನೋ ಬೇರೆ ಶಿಲೀಂಧ್ರನಾಶಕವನ್ನೋ ಹಾಕಿದ್ದರೆ ವಾರದ ಅಂತರ ಇರಲಿ, ಇಲ್ಲದಿದ್ದರೆ ಅದು ಈ ಬೂಷ್ಟನ್ನೂ ಕೊಲ್ಲುತ್ತದೆ. ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಒಳಗಿರುವುದು ಜೀವ. ಬಿಸಿಲಿಗಿಟ್ಟ, ಅವಧಿ ಮೀರಿದ ಪೊಟ್ಟಣದಲ್ಲಿ ಉಳಿದಿರುವುದು ಬರೀ ಪುಡಿ.

ರೇಷ್ಮೆಯ ಊರಿಗೆ ಬ್ಯೂವೇರಿಯಾ ಕೂಡ ನಿಷಿದ್ಧ. ರೇಷ್ಮೆ ಸಾಕುವವರು ಸುಣ್ಣಕಟ್ಟು ರೋಗ ಅಂತ ಹೆದರುವುದು ಇದೇ ಬೂಷ್ಟಿಗೆ. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ರೇಷ್ಮೆ ಹುಳದ ಆ ರೋಗಕ್ಕೆ ಈ ಶಿಲೀಂಧ್ರವೇ ಕಾರಣ ಅಂತ ತೋರಿಸಿದರು. ಬ್ಯೂವೇರಿಯಾ ಬಾಸಿಯಾನಾ ಅನ್ನುವ ಪೂರ್ತಿ ಹೆಸರಿನಲ್ಲಿ 'ಬಾಸಿಯಾನಾ' ಬಂದದ್ದು ಅವರಿಂದಲೇ.

ಬಲೆಗಳು: ಯಾವುದು ಹಿಡಿಯುತ್ತದೆ, ಯಾವುದು ಬರೀ ಸುಳಿವು ಕೊಡುತ್ತದೆ

ಹಳದಿ ಅಂಟು ಹಾಳೆಗೆ ಬಿಳಿ ನೊಣ, ರೆಕ್ಕೆ ಬಂದ ಹೇನು ಬರುತ್ತವೆ. ನೀಲಿಗೆ ಥ್ರಿಪ್ಸ್ ಬರುತ್ತದೆ. ಹಳೇ ಡಬ್ಬದ ಮುಚ್ಚಳಕ್ಕೆ ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿದರೂ ನಡೆಯುತ್ತದೆ. ಗಿಡದ ತುದಿಯಿಂದ ಸ್ವಲ್ಪ ಮೇಲೆ ಕಟ್ಟಿ. ಆದರೆ ಇದೊಂದರಿಂದಲೇ ಬಿಳಿ ನೊಣ ಮುಗಿಯುವುದಿಲ್ಲ. ಎಲೆಯಡಿಯ ಮರಿಗಳಿಗೆ ರೆಕ್ಕೆ ಇಲ್ಲ, ಅವು ಬಲೆಗೆ ಬರುವುದಿಲ್ಲ. ಬಲೆಯಲ್ಲಿ ಹುಳ ಕಾಣಿಸಿದ ದಿನವೇ ಎಲೆಯಡಿಗೆ ಸಾಬೂನು ಹೊಡೆಯಲು ಶುರು ಮಾಡಬೇಕು, ಅದಕ್ಕೆ ಇದು ಗಂಟೆ ಬಾರಿಸಿದಂತೆ. ಬೆಂಡೆಯ ಹಳದಿ ನಂಜು ರೋಗ, ಟೊಮೇಟೊ ಎಲೆ ಮುಟುರು ಎರಡನ್ನೂ ಹರಡುವುದು ಬಿಳಿ ನೊಣ. ಎರಡೂ ವೈರಸ್. ಒಮ್ಮೆ ಗಿಡಕ್ಕೆ ಬಂದ ಮೇಲೆ ಬೇವೂ ಇಲ್ಲ, ಕಷಾಯವೂ ಇಲ್ಲ. ಕಿತ್ತು ತೆಗೆದರೆ ಪಕ್ಕದ ಗಿಡವಾದರೂ ಉಳಿಯುತ್ತದೆ.

ಹಣ್ಣು ನೊಣದ ಬಲೆಯಲ್ಲಿ ಜನ ಜಾಸ್ತಿ ಮೋಸ ಹೋಗುವುದು ನೊಣವನ್ನು ಸೆಳೆಯಲು ಒಳಗಿಡುವ ಮದ್ದಿನ ಕಡ್ಡಿಯಲ್ಲಿ. ಮಾವು, ಸೀಬೆಯ ನೊಣಕ್ಕೆ ಮೀಥೈಲ್ ಯುಜಿನಾಲ್. ಹೀರೆ, ಹಾಗಲ, ಸೋರೆ, ಸೌತೆಯ ನೊಣಕ್ಕೆ ಕ್ಯೂ ಲೂರ್. ಒಂದನ್ನು ಇನ್ನೊಂದಕ್ಕೆ ಕಟ್ಟಿದರೆ ಹಾಗಲಕಾಯಿ ಕೊಳೆಯುವುದು ನಿಲ್ಲುವುದಿಲ್ಲ. ಅಂಗಡಿಯವರಿಗೆ ಯಾವ ಬೆಳೆಗೆ ಅಂತ ಹೇಳಿಯೇ ಕೇಳಿ. ಇನ್ನೊಂದು, ಎರಡೂ ಸೆಳೆಯುವುದು ಗಂಡು ನೊಣವನ್ನು. ಕಾಯಿಗೆ ಚುಚ್ಚುವ ಹೆಣ್ಣು ಪಕ್ಕದ ಹಿತ್ತಿಲಿಂದ ಬಂದರೆ ನಿಮ್ಮ ಬಲೆ ಏನೂ ಮಾಡಲಾರದು. ಬೀದಿಯವರೆಲ್ಲ ಸೇರಿ ಕಟ್ಟಿದರೆ ಬಲೆಗೆ ಬಲ ಬರುತ್ತದೆ.

ಒಂಟಿ ಬಳ್ಳಿ, ಒಂಟಿ ಸೀಬೆ ಗಿಡ ಇರುವವರು ಚೀಲ ಕಟ್ಟಿ. ಹಾಗಲಕಾಯಿ ಕಚ್ಚಿದ ಎರಡು ಮೂರು ದಿನಕ್ಕೇ, ಅದು ಬೆರಳಿನಷ್ಟಿರುವಾಗ, ಪೇಪರ್ ಕೊಳವೆಯನ್ನೋ ಹಳೇ ಬಟ್ಟೆಯ ಚೀಲವನ್ನೋ ಹಾಕಿ ತೊಟ್ಟಿನ ಹತ್ತಿರ ಕಟ್ಟಿ. ಸೀಬೆಗೆ ಕಾಯಿ ನಿಂಬೆಗಾತ್ರ ಬಂದಾಗ. ಇದರ ಎದುರಿಗೆ ಯಾವ ಸಿಂಪಡಣೆಯೂ ನಿಲ್ಲುವುದಿಲ್ಲ. ಉದುರಿದ ಕಾಯಿ ಅಲ್ಲೇ ಬಿಡಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ಒಳಗಿನ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟರೆ ಒಳಗೇ ಸಾಯುತ್ತವೆ.

ಬದನೆಯದ್ದು ಬೇರೆ ಕಥೆ. ಕಾಯಿ ಕೊರಕದ ಪತಂಗ ಎಲೆ, ಕುಡಿಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಸ್ವಲ್ಪ ಹೊತ್ತಿಗೇ ಕುಡಿಯೊಳಗೋ ಕಾಯಿಯೊಳಗೋ ಸೇರಿಬಿಡುತ್ತದೆ. ಹೊರಗೆ ಸಿಗುವ ಹೊತ್ತು ಬಹಳ ಕಡಿಮೆ, ಹಾಗಾಗಿ ಬೇವಿನ ಸಿಂಪಡಣೆ ಅದಕ್ಕೆ ಅರೆಬರೆ. ಬಾಡಿ ಜೋತ ಕುಡಿ ಕಂಡ ಕೂಡಲೇ ಅದರ ಕೆಳಗೆ ಒಂದಿಂಚು ಸೇರಿಸಿ ಕತ್ತರಿಸಿ, ಒಳಗಿನ ಹುಳವನ್ನು ಸಾಯಿಸಿ. ವಾರಕ್ಕೊಮ್ಮೆ ತಪ್ಪದೆ ಮಾಡಿ. ಜೊತೆಗೆ ಇದೇ ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯಲೆಂದು ಮಾಡಿದ ಮೋಹಕ ಬಲೆ ಒಂದು. ಗಿಡ ನಾಲ್ಕಾರಿದ್ದರೆ ಸೊಳ್ಳೆ ಪರದೆಯನ್ನೇ ಸುತ್ತ ಕಟ್ಟಿಬಿಡಿ. ಬದನೆ ಹೂವಿಗೆ ತನ್ನ ಪರಾಗವೇ ಸಾಕು, ಗಿಡವನ್ನು ಮೆಲ್ಲಗೆ ಅಲ್ಲಾಡಿಸಿದರೆ ಕಾಯಿ ಕಚ್ಚುತ್ತದೆ. ಹೀರೆ, ಸೋರೆಗೆ ಮಾತ್ರ ಪರದೆ ಕಟ್ಟಿದರೆ ಜೇನು ಬರದೆ ಕಾಯೇ ಆಗುವುದಿಲ್ಲ.

ಹುಳ ತಿನ್ನುವ ಹುಳಗಳು

ಎಲ್ಲ ಆಯ್ಕೆಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಕೊಂಡು ತರುವುದು ಕಡಿಮೆ, ಕೊಲ್ಲದೆ ಉಳಿಸಿಕೊಳ್ಳುವುದೇ ಹೆಚ್ಚಿನ ಕೆಲಸ.

2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅಲ್ಲಿಂದ ಕರ್ನಾಟಕಕ್ಕೂ ಹರಡಿ ಪಪ್ಪಾಯ, ಹಿಪ್ಪುನೇರಳೆ, ದಾಸವಾಳ ಎಲ್ಲವನ್ನೂ ಮುತ್ತಿತು. ಹೊರದೇಶದಿಂದ ಬಂದ ಹುಳ, ಅದರ ಶತ್ರು ಇಲ್ಲಿ ಇರಲಿಲ್ಲ. ಎಷ್ಟು ಔಷಧಿ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಅಸಿರೋಫೇಗಸ್ ಪಪಾಯೆ ಅನ್ನುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜವನ್ನು ತರಿಸಿ, ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟರು. ಅದು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ. ತಿಂಗಳುಗಳಲ್ಲಿ ತಿಗಣೆ ಹತೋಟಿಗೆ ಬಂತು. ಇವತ್ತು ನಿಮ್ಮ ಪಪ್ಪಾಯ ಗಿಡ ಉಳಿದಿರುವುದರಲ್ಲಿ ಆ ಕಣಜದ ಪಾಲಿದೆ. ಕಂಡ ಕಂಡ ಹುಳಕ್ಕೆ ಕಡು ವಿಷ ಹೊಡೆದರೆ ಮೊದಲು ಸಾಯುವುದು ಇಂಥವೇ.

ಗುಲಗಂಜಿ ಹುಳವನ್ನು ಎಲ್ಲರೂ ಬಲ್ಲರು. ಅದರ ಮರಿಯನ್ನು ಬಲ್ಲವರು ಕಡಿಮೆ. ಉದ್ದ ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲು, ನೋಡಲು ಭಯ ಹುಟ್ಟಿಸುವಂತಿದೆ. ಹೇನು ತಿನ್ನುವುದರಲ್ಲಿ ಅದು ತಾಯಿಗೇನೂ ಕಡಿಮೆ ಇಲ್ಲ. ಇನ್ನೂ ಮೋಸ ಹೋಗುವುದು ಕ್ರಿಪ್ಟೊಲೀಮಸ್ ದುಂಬಿಯ ಮರಿಯಲ್ಲಿ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ದುಂಬಿ ಇದು, ಹಿಟ್ಟು ತಿಗಣೆ ಇದರ ಊಟ. ಇದರ ಮರಿಯೂ ಬಿಳಿ ಹಿಟ್ಟು ಮೆತ್ತಿಕೊಂಡೇ ಇರುತ್ತದೆ. ತಿಗಣೆಗಿಂತ ದೊಡ್ಡದು, ಬಿಳಿ ಎಳೆಗಳು ಉದ್ದ, ಮುಟ್ಟಿದರೆ ಚುರುಕಾಗಿ ಓಡುತ್ತದೆ. ಅಂಥದ್ದು ಕಂಡರೆ ಆ ಕೊಂಬೆಗೆ ಏನೂ ಹೊಡೆಯಬೇಡಿ. ಸಾಬೂನು ಅದನ್ನೂ ಕೊಲ್ಲುತ್ತದೆ.

ಬದನೆ, ಹಾಗಲದ ಎಲೆಯನ್ನು ಬಲೆಯಂತೆ ಕೆರೆದು ತಿನ್ನುವ, 28 ಚುಕ್ಕೆಯ ಮಂಕು ಬಣ್ಣದ ದುಂಬಿಯೂ ಗುಲಗಂಜಿ ಹುಳದ ಸಂಬಂಧಿಯೇ. ಅದರ ಮೈ ಹೊಳೆಯುವುದಿಲ್ಲ, ಸಣ್ಣ ಕೂದಲಿರುತ್ತದೆ. ಮರಿ ಹಳದಿ, ಮುಳ್ಳುಮುಳ್ಳು. ಅದನ್ನು ಮಾತ್ರ ಕೈಯಿಂದ ಹಿಡಿದು ಸಾಬೂನು ನೀರಿಗೆ ಹಾಕಿ.

ಈ ಒಳ್ಳೆಯ ಹುಳಗಳು ಬರಬೇಕಾದರೆ ಹೂವಿರಬೇಕು. ಕೊತ್ತಂಬರಿ, ಸಬ್ಬಸಿಗೆ ಒಂದೆರಡು ಗಿಡ ಕೀಳದೆ ಹೂ ಬಿಡಲು ಬಿಡಿ. ಸಣ್ಣ ಕಣಜಗಳಿಗೆ ಅದರ ಮಕರಂದ ಎಟುಕುತ್ತದೆ. ಹಾಗೇ ಇರುವೆಗಳ ಕಡೆ ಒಂದು ಕಣ್ಣಿರಲಿ. ಹೇನು, ತಿಗಣೆ ಸುರಿಸುವ ಅಂಟು ಇರುವೆಗೆ ಸಿಹಿ. ಅದಕ್ಕಾಗಿ ಇರುವೆ ಅವನ್ನು ಕಾಯುತ್ತದೆ, ಗುಲಗಂಜಿ ಹುಳವನ್ನು ಓಡಿಸುತ್ತದೆ. ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಟ್ಟರೆ, ಗಿಡದ ಕಾಂಡಕ್ಕೆ ಜಿಡ್ಡು ಸವರಿದ ಪಟ್ಟಿ ಸುತ್ತಿದರೆ, ಅರ್ಧ ಕೆಲಸ ಮುಗಿಯಿತು. ಮಲೆನಾಡು, ಕರಾವಳಿಯ ಚಗಳಿ ಇರುವೆಯದ್ದು ಎರಡು ಮುಖ: ಮಾವು, ಗೇರಿನ ಹುಳಗಳನ್ನು ಬೇಟೆಯಾಡುತ್ತದೆ, ಹಿಟ್ಟು ತಿಗಣೆಯನ್ನೂ ಸಾಕುತ್ತದೆ. ದೊಡ್ಡ ಮರದಲ್ಲಿದ್ದರೆ ಇರಲಿ, ದಾಸವಾಳಕ್ಕೆ ಬಂದರೆ ಕೊಂಬೆ ಸಮೇತ ತೆಗೆಯಿರಿ.

ಚೆಂಡು ಹೂವಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಹೆಸರಘಟ್ಟದವರು ಟೊಮೇಟೊಗೆ ಶಿಫಾರಸು ಮಾಡಿದ ಲೆಕ್ಕ 16 ಸಾಲಿಗೆ ಒಂದು ಸಾಲು ಚೆಂಡು ಹೂ, ಅದೂ 45 ದಿನದ ಚೆಂಡು ಹೂ ಸಸಿಯನ್ನು 25 ದಿನದ ಟೊಮೇಟೊ ಸಸಿಯ ಜೊತೆ ನೆಡಬೇಕು. ಟೊಮೇಟೊ ಹೂ ಬಿಡುವ ಹೊತ್ತಿಗೆ ಚೆಂಡು ಹೂವೂ ಅರಳಿ ಪತಂಗವನ್ನು ತನ್ನ ಕಡೆ ಸೆಳೆಯಲಿ ಅಂತ ಈ ಲೆಕ್ಕ. ತಾರಸಿಯಲ್ಲಿ ಎಲ್ಲೋ ಮೂಲೆಯಲ್ಲಿ ಒಂದು ಚೆಂಡು ಹೂವಿನ ಕುಂಡ ಇಟ್ಟರೆ ಅಷ್ಟು ಫಲ ಸಿಗದು.

ಬೂದಿ, ಬೆಳ್ಳುಳ್ಳಿ, ತಂಬಾಕು

ಒಲೆಯ ಬೂದಿ ಕುಂಬಳ, ಸೌತೆಯ ಎಳೆ ಸಸಿಗೆ ಬರುವ ಕೆಂಪು ದುಂಬಿಗೆ ಚೆನ್ನಾಗಿದೆ. ಬೆಳಗಿನ ಇಬ್ಬನಿ ಇರುವಾಗ ಜರಡಿಯಿಂದ ಉದುರಿಸಬೇಕು. ಮಳೆ ಬಂದರೆ ಮತ್ತೆ ಹಾಕಬೇಕು. ಕುಂಡದ ಮಣ್ಣಿಗೆ ಜಾಸ್ತಿ ಬಿದ್ದರೆ ಮಣ್ಣು ಕ್ಷಾರವಾಗುತ್ತದೆ. ಬೆಳ್ಳುಳ್ಳಿ, ಹಸಿಮೆಣಸಿನ ಕಷಾಯ ಹುಳವನ್ನು ಸ್ವಲ್ಪ ದಿನ ದೂರ ಇಡಬಹುದು, ಮುತ್ತಿದ ಹುಳವನ್ನು ಕೊಲ್ಲುವ ಶಕ್ತಿ ಕಡಿಮೆ. ಕಣ್ಣಿಗೆ ಬಿದ್ದರೆ ಉರಿ. ಬೇವು, ಬೇರೆ ಗಿಡಗಳ ಎಲೆಯನ್ನು ಗಂಜಲದಲ್ಲಿ ಕೊಳೆಸುವ ನೀಮಾಸ್ತ್ರ, ದಶಪರ್ಣಿ ಕಷಾಯ ಮಾಡುವವರಿಗೆ ಗಂಜಲ, ಜಾಗ, ತಾಳ್ಮೆ ಮೂರೂ ಇದ್ದರೆ ಮಾಡಲಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇವನ್ನು ಕೊಳೆಸುವುದು ಅಕ್ಕಪಕ್ಕದವರಿಗೆ ಕಷ್ಟ.

ತಂಬಾಕಿನ ಕಷಾಯ ಬೇಡ ಅಂತ ಗಟ್ಟಿಯಾಗಿ ಹೇಳುತ್ತೇನೆ. ಗಂಜಲದಲ್ಲಿ ಕುದಿಸಿ ಮಾಡುವ ಅಗ್ನಿ ಅಸ್ತ್ರ ಅನ್ನುವ ಕಷಾಯದಲ್ಲೂ ತಂಬಾಕು ಬರುತ್ತದೆ. ಗಿಡದಿಂದ ಬಂದದ್ದು ಅನ್ನುವುದು ನಿಜ, ಆದರೆ ನಿಕೋಟಿನ್ ಕಡು ವಿಷ. ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಜೇನನ್ನು ಕೊಲ್ಲುತ್ತದೆ. ಮಕ್ಕಳು ಕಿತ್ತು ಬಾಯಿಗಿಡುವ ಟೊಮೇಟೊ ಮೇಲೆ ಅದು ಯಾಕೆ ಬೇಕು? ಅಲ್ಲದೆ ತಂಬಾಕಿನ ಎಲೆಯಿಂದ ಟೊಮೇಟೊ, ಮೆಣಸಿಗೆ ಮೊಸಾಯಿಕ್ ವೈರಸ್ ದಾಟುವ ಅಪಾಯ ಬೇರೆ. ಸೀಮೆಎಣ್ಣೆಯೂ ಇದೇ ಸಾಲಿಗೆ, ಎಲೆಯನ್ನೇ ಸುಡುತ್ತದೆ.

ಮೊದಲ ಸಲ ಏನು ಕೊಳ್ಳಬೇಕು

ಒಂದು ಲೀಟರಿನ ಕೈ ಪಂಪು, ಅದರ ಮೂತಿ ಎಲೆಯಡಿಗೆ ತಿರುಗುವಂತಿರಲಿ. ಹತ್ತಿರದಲ್ಲಿ ರೇಷ್ಮೆ ಇಲ್ಲದಿದ್ದರೆ ಒಂದು ಬೇವಿನ ಸಾಬೂನಿನ ಬಾರ್. ನಾಲ್ಕು ಹಳದಿ ಅಂಟು ಹಾಳೆ. ಕೋಸು ಬೆಳೆಯುವವರು, ಹತ್ತಿರದಲ್ಲಿ ರೇಷ್ಮೆ ಇಲ್ಲದಿದ್ದರೆ, ಸಣ್ಣ ಬಿಟಿ ಪೊಟ್ಟಣ. ಬಳ್ಳಿ ತರಕಾರಿ ಇರುವವರು ಬಟ್ಟೆ ಚೀಲ ಹೊಲಿಸಿಟ್ಟುಕೊಳ್ಳಿ, ವರ್ಷಗಟ್ಟಲೆ ಬರುತ್ತವೆ. ಶಿಲೀಂಧ್ರದ ಪುಡಿ ಜೂನ್ ತನಕ ಬೇಡ. ತೋಟಗಾರಿಕಾ ಇಲಾಖೆಯ ಜೈವಿಕ ಕೇಂದ್ರಗಳಲ್ಲಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಹೊಸ ಸರಕು ಸಿಗುವ ಸಾಧ್ಯತೆ ಅಲ್ಲಿ ಜಾಸ್ತಿ. ಹೋಗುವಾಗ ಹುಳ ಬಿದ್ದ ಎಲೆಯೊಂದನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಹೆಸರು ಹೇಳಿ ಕೇಳುವುದಕ್ಕಿಂತ ಹುಳವನ್ನೇ ತೋರಿಸಿದರೆ ಸರಿಯಾದ ಮದ್ದು ಸಿಗುತ್ತದೆ.